ಕಾಯಿಸಿ ಆರಿಸಿದ ನೀರು

ನಿಮ್ಮ ಕೊಳವೆಬಾವಿಯ ನೀರು ತಿಳಿಯಾಗಿತ್ತು, ಬ್ರೆನ್ನಾ.
ನಾನೂ ಕುಡಿದು ನೋಡಿದ್ದೆ:
ಬಣ್ಣವಿಲ್ಲ, ವಾಸನೆಯಿಲ್ಲ,
ನಾಲಿಗೆಗೆ ಒಂದಿಷ್ಟು ಸುಣ್ಣದ ಸಪ್ಪೆ, ಅಷ್ಟೆ.

ನೆಬ್ರಾಸ್ಕದ ಅರೋರಾ ಊರಾಚೆ
ನಿಮ್ಮ ಮನೆಯ ಮೂರು ದಿಕ್ಕಿಗೂ ಮೆಕ್ಕೆಜೋಳ,
ನಾಲ್ಕನೆಯದಕ್ಕೆ ನನ್ನ ಬಾಡಿಗೆ ಮನೆ.
ಏಪ್ರಿಲ್‌ನಲ್ಲಿ ಬಿಳಿ ಟ್ಯಾಂಕು ಎಳೆದುಕೊಂಡು ಟ್ರ್ಯಾಕ್ಟರು
ನೆಲಕ್ಕೆ ಗೊಬ್ಬರದ ಸೂಜಿ ಚುಚ್ಚುತ್ತ ಹೋಗುವುದನ್ನು
ಇಬ್ಬರೂ ನಿನ್ನ ಅಡುಗೆಮನೆ ಕಿಟಕಿಯಿಂದ ನೋಡಿದ್ದೆವು.
ಪೈರು ಉಂಡು ಬಿಟ್ಟದ್ದು
ಮಳೆಯ ಕೈ ಹಿಡಿದು ಕೆಳಗಿಳಿಯುತ್ತದೆ,
ಮರಳಿನ ಮೆಟ್ಟಿಲು ಮೆಟ್ಟಿಲು,
ಅವಸರವಿಲ್ಲದೆ.

ಎದೆಹಾಲು ಬತ್ತಿತೆಂದು ನೀನು ಅತ್ತ ದಿನ
ಡಬ್ಬಿಯ ಪುಡಿ ಕಲಸಲು ಕಲಿಸಿದವಳು ನಾನೇ.
"ಕೊತಕೊತ ಕುದಿಯಲಿ, ಹತ್ತು ನಿಮಿಷ,
ಆಮೇಲೆ ಆರಿಸು" ಎಂದೆ; ಚೀಟಿಯಲ್ಲೂ ಬರೆದೆ.
ನನ್ನಜ್ಜಿಯ ಮಾತು ಅದು.
ಕುದಿಯದ ನೀರನ್ನು ಬಾಣಂತಿಗೂ ಕೂಸಿಗೂ
ಮುಟ್ಟಿಸಿದವಳಲ್ಲ.

ಕುದಿಗೆ ಕಾಲರಾ ಸಾಯುತ್ತದೆ.
ನೈಟ್ರೇಟ್ ಸಾಯುವುದಿಲ್ಲ, ಅದು ಹುಳವಲ್ಲ, ಉಪ್ಪು.
ನೀರು ಆವಿಯಾಗಿ ಹೋದಷ್ಟೂ
ಉಳಿದ ನೀರಿನಲ್ಲಿ ಒತ್ತೊತ್ತಾಗಿ ಕೂರುತ್ತದೆ,
ಬೆಲ್ಲದ ಪಾಕದ ಹಾಗೆ.

ಇದು ನನಗೆ ಗೊತ್ತಿರಬೇಕಿತ್ತು.
ನಾನು ಆಸ್ಪತ್ರೆಯ ಲ್ಯಾಬಿನವಳು.

ರಾತ್ರಿ ಪಾಳಿ. ಟ್ಯೂಬಿನ ಮೇಲೆ ಹೆಸರು:
ಕುಬಿಕ್, ವೆಂಡೆಲ್. ಏಳು ವಾರ.
ರಕ್ತ ಕೆಂಪಿರಲಿಲ್ಲ.
ಡಿಕಾಕ್ಷನ್.
ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು
ಗಾಳಿ ಬೀಸಿದೆ, ಕೆಂಪಾಗು, ಕೆಂಪಾಗು ಮಾರಾಯ ಎಂದು.
ಆಗಲಿಲ್ಲ.
ಉಸಿರು ಬಂದು ಎಷ್ಟು ತಟ್ಟಿದರೂ
ಕದ ತೆಗೆಯದ ಮನೆ, ಆ ಹನಿ.

ಮೇಲಿನ ಮಹಡಿಯಲ್ಲಿ ನಿನ್ನ ಕಂದನ ತುಟಿ
ನೇರಳೆಹಣ್ಣು ಕದ್ದು ತಿಂದವನ ಹಾಗೆ,
ಹಲ್ಲೇ ಬಾರದ ಬಾಯಿ.

ಡಾಕ್ಟರು ತಂದ ಔಷಧವೂ ನೀಲಿ,
ಶಾಯಿಯಂಥ ಕಡುನೀಲಿ.
ನೀಲಿಗಟ್ಟಿದ ಮಗುವಿಗೆ ನೀಲಿಯೇ ಮದ್ದು.
ಬೆಳಗಿನ ಜಾವ ಮೊದಲು ಕಿವಿಯ ತುದಿ ಕೆಂಪಾಯಿತಂತೆ,
ಡಯಪರಿನಲ್ಲಿ ಹಸಿರು ಉಚ್ಚೆ ಕಂಡು
ಅಳುತ್ತಲೇ ನಕ್ಕೆಯಂತೆ ನೀನು.

ಕೌಂಟಿಯ ಹುಡುಗ ಬಂದು ನೀರು ಒಯ್ದ.
ಹತ್ತು ದಾಟಬಾರದ ಅಂಕಿ, ಮೂವತ್ತೊಂದು.

ಈಗ ನಿಮ್ಮ ಜಗಲಿಯಲ್ಲಿ ಬಾಟಲಿ ನೀರಿನ ಸಾಲು.
ಫ್ರಿಜ್ಜಿನ ಬಾಗಿಲಿಗೆ ನರ್ಸಿನ ಚೀಟಿ:
ಮನೆಯಲ್ಲಿ ಅರೆದ ಪಾಲಕ್, ಬೀಟ್‌ರೂಟ್ ಸದ್ಯಕ್ಕೆ ಬೇಡ.
ಅದರ ಪಕ್ಕದಲ್ಲೇ ನನ್ನ ಕೈಬರಹ,
'ಹತ್ತು ನಿಮಿಷ'.
ನೀನು ಕಿತ್ತಿಲ್ಲ.
ಕೀಳಲೇ ಎಂದು ಕೇಳಲು ಬಾಯಿ ಬಾರದೆ
ನೀನು ಕೊಟ್ಟ ಕಾಫಿ ಹಿಡಿದು ಕೂತಿದ್ದೇನೆ,
ಅದೇ ಬಾವಿಯ ನೀರಿನದು.
ದೊಡ್ಡವರಿಗೆ ಏನೂ ಆಗುವುದಿಲ್ಲವಂತೆ.