ಕೊನೆಯ ನಾಲ್ಕು ಅಂಕಿ

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಎಲ್ಲರ ಮನೆಗೂ ಜೀನ್ಸಿನ ನೀಲಿ,
ನೀರಿನ ಕೊಡಕ್ಕೂ, ಉಗುರಿಗೂ.
ಮಿಕ್ಕ ತುಂಡು ಕೂಡಿಸಿ ನಾನು ಚೀಲ ಹೊಲಿಯುತ್ತೇನೆ.

ಗೋಡೆಯ ಮೊಳೆಗೆ ಉದ್ರಿ ಪುಸ್ತಕ:
ಶೇಕಮ್ಮ, ಎರಡು ಚೀಲ, ದೀಪಾವಳಿಗೆ ಕೊಡುತ್ತಾಳಂತೆ.
ಯಾವ ದೀಪಾವಳಿ, ಬರೆದಿಲ್ಲ.
ಹುಲಿಗೆಮ್ಮ, ಕೇಳಹೋದರೆ ಚಹಾ ಕುಡಿಸಿ ಕಳಿಸುತ್ತಾಳೆ.

ಮೊನ್ನೆ ಫೋನಿನಲ್ಲಿ ಫಾರ್ಮು ತುಂಬಿದೆವು.
ಸಂಸ್ಥೆಯ ಹೆಸರು ಕೇಳಿತು.
ಹೊಲಿಗೆ ಮಷೀನಿನ ಮೇಲಿದ್ದದ್ದನ್ನೇ ಓದಿ ಹೇಳಿದೆ.
ಮಗಳು ನಕ್ಕು,
‘ಜುಬೇದಾ ಚೀಲಗಳು’ ಎಂದು ಒತ್ತಿದಳು.

ನಡುಹಗಲು, ಕರೆಂಟಿಲ್ಲ,
ಫೋನು ಟಿಣ್ ಎಂದಿತು.
ಆರುನೂರು ರೂಪಾಯಿ.
ಯಾರೋ. ಎಲ್ಲಿಯೋ.
ಚುಕ್ಕಿ ಚುಕ್ಕಿ ಚುಕ್ಕಿ, ಕೊನೆಗೆ
ನಾಲ್ಕು ನಾಲ್ಕು ಒಂದು ಏಳು.

ಕ್ರೆಡಿಟ್ ಕಾರ್ಡಂದ್ರೆ ಏನೇ?
‘ಅದೂ ಉದ್ರಿನೇ ಅಮ್ಮಿ, ಬ್ಯಾಂಕಿನತ್ರ.’

ಹಂಗಾದ್ರೆ ಅದೂ ಒಬ್ಬ ಶೇಕಮ್ಮ.

ದುಡ್ಡು ಎರಡು ದಿನ ದಾರಿಯಲ್ಲಿತ್ತು,
ಬರುವಾಗ ಹದಿನಾಲ್ಕು ರೂಪಾಯಿ ಚಿಲ್ಲರೆ
ಎಲ್ಲೋ ಉದುರಿಸಿಕೊಂಡು ಬಂತು.
ಪುಸ್ತಕ ಇಳಿಸಿ ಹೊಸ ಸಾಲು ಬರೆದೆ:
ನಾಲ್ಕು ನಾಲ್ಕು ಒಂದು ಏಳು, ಮುಟ್ಟಿತು.
ಮುಟ್ಟಿತು ಎಂದು ಆ ಪುಸ್ತಕದಲ್ಲಿ
ಬರೆದು ಎಷ್ಟು ದಿನವಾಗಿತ್ತೋ.

ಪಾಪ, ಆ ಜೀವದ ಉದ್ರಿ
ಯಾವ ಗೋಡೆಯ ಮೊಳೆಗೆ ನೇತಾಡುತ್ತಿದೆಯೋ.