ನೆಟ್‌ವರ್ಕ್ ಸಿಗುವ ಬಂಡೆ

ಹೋಂಸ್ಟೇ ಫೋನು ನನ್ನ ಕೈಲಿರುತ್ತದೆ.
ದೇವರಮನೆ ಗುಡ್ಡದ ಈಚೆ ಮಗ್ಗುಲಲ್ಲಿ
ಒಂದೇ ಒಂದು ಬಂಡೆಯ ಮೇಲೆ ಎರಡು ಗೆರೆ ಸಿಗ್ನಲ್ಲು,
ಹಲಸಿನ ಮರದ ಕಡೆ ತಿರುಗಿದರೆ ಒಂದು.
ಹಾಸಿಗೆ ಮಡಚಿ, ಬಚ್ಚಲು ಉಜ್ಜಿ, ಹತ್ತೂವರೆಗೆ
ಮೇಲೆ ಹತ್ತುತ್ತೇನೆ. ತಪ್ಪಿದ ಕರೆಗಳು
ಒಂದರ ಹಿಂದೊಂದು ಟಿಣ್ ಟಿಣ್ ಎಂದು ಇಳಿಯುತ್ತವೆ.

ಕೇಳುವುದೆಲ್ಲ ಅದದೇ.
ಗೀಸರ್ ಇದೆಯಾ. ಕೋಳಿ ನಾಟಿಯಾ, ಫಾರಮ್ಮಾ.
ಕೊಟ್ಟಿಗೆಹಾರದಿಂದ ಮುಂದೆ ಕಾರು ಬರುತ್ತದಾ, ಜೀಪೇ ಬೇಕಾ.
ಲೋಹಿತಣ್ಣ ಹೇಳಿಕೊಟ್ಟಂತೆ ಹೇಳುತ್ತೇನೆ:
ರೂಮು ಮೂರು, ತಲೆಗೆ ಎರಡು ಸಾವಿರ, ಮೂರು ಹೊತ್ತು ಊಟ,
ವ್ಯೂ ಮಾತ್ರ ಸೂಪರ್ ಸರ್.
(ಆ ಮೂರು ರೂಮು ಮೊದಲು ಗೊಬ್ಬರದ ಗೋಡೌನು.
ಅದನ್ನು ಯಾರೂ ಕೇಳುವುದಿಲ್ಲ.)

ದೀಪಾವಳಿ ಕಳೆದ ವಾರ ಒಂದು ಹೆಂಗಸಿನ ದನಿ,
ಹಿಂದೆ ಏನೋ ಯಂತ್ರದ ಗುಡುಗು:
"ನಾವು ರಾಯಚೂರಿನವ್ರು ರೀ, ಹತ್ತಿ ಮಿಲ್ಲಿನ್ಯಾಗ ಕೆಲಸ.
ಆರು ಮಂದಿ ಅದೀವಿ, ಎಲ್ಲಾ ಹೆಣ್ಮಕ್ಕಳು.
ಚೀಟಿ ಕಟ್ಟೀವಿ, ಮಾರ್ಚಿನ್ಯಾಗ ಎತ್ತತೀವಿ.
ಜಿಗಳಿ ಇರ್ತಾವೇನ್ರೀ?"
ನಾವು ಇಂಬಳ ಅನ್ನುತ್ತೇವೆ, ಅಂದೆ.
ಮಾರ್ಚಿಗೆ ಇರಲ್ಲ. ಜೂನಿಗೆ ಬಂದರೆ
ಉಪ್ಪು, ಸುಣ್ಣ, ಹೊಗೆಸೊಪ್ಪು ಕೊಡ್ತೀವಿ.
"ಹೆಸರು ಬರಕೋರಿ, ಹಂಪಮ್ಮ."
ಬರೆದುಕೊಂಡೆ: ಹಂಪಮ್ಮ, ಆರು.

ಸಂಕ್ರಾಂತಿಗೆ ಮತ್ತೆ. "ಐದು ಮಂದಿ ಮಾಡ್ರೀ,
ಒಬ್ಬಾಕಿ ಬಸುರಿ. ಕಿಟಕಿ ಇರೋ ರೂಮು ನಮಗ."
ಕಿಟಕಿ ಎಲ್ಲದಕ್ಕೂ ಇದೆ ಅಕ್ಕಾ.
"ಆದ್ರ ದೊಡ್ಡ ಕಿಟಕಿದ್ದು."
ಫೆಬ್ರವರಿಯಲ್ಲಿ ಮೂರು.
ಹೊಸಪೇಟೆ, ಚಿತ್ರದುರ್ಗ, ಕಡೂರು, ಮೂಡಿಗೆರೆ,
ಬಸ್ಸು ಬದಲಿಸಿ ಬದಲಿಸಿ ಇಬ್ಬರೂ ಲೆಕ್ಕ ಹಾಕಿದೆವು,
ಅವಳು ಮಿಲ್ಲಿನ ಗೋಡೆಗೊರಗಿ,
ನಾನು ಹಲಸಿನ ಕಡೆ ತಿರುಗದೆ.
ಎರಡು ರಾತ್ರಿ ಪ್ರಯಾಣ, ಒಂದು ರಾತ್ರಿ ನಿದ್ದೆ.
"ಇರಲಿ ಬಿಡ್ರೀ, ಬಸ್ಸಿನ್ಯಾಗ ಸುಮ್ನ ಕೂಡೂದೂ
ರಜಾನ ಅಲ್ಲೇನು."

ಆಮೇಲೆ ಕೇಳಿದಳು: "ಅಲ್ಲವ್ವಾ,
ಬೆಳಿಗ್ಗೆ ಎದ್ದು ಕಿಟಕಿ ತೆಗದ್ರ ಏನ್ ಕಾಣ್ತದ?"
ಮಂಜು, ಅಂದೆ.
"ಮಂಜಿನಾಚಿ?"
ಏನೂ ಕಾಣಲ್ಲ ಅಕ್ಕಾ, ಹತ್ತು ಗಂಟೆ ತನಕ.
"ಏನೂ ಕಾಣೂದಿಲ್ಲ ಅನ್ನಾಕ ತಲಿಗೆ ಎರಡ್ ಸಾವಿರ!"
ಅವಳು ನಕ್ಕಳು. ನಾನು ನಕ್ಕು, ಬಂಡೆಯಿಂದ ಜಾರಿ,
ಸಿಗ್ನಲ್ಲು ಕಳೆದು, ಮತ್ತೆ ಹತ್ತಿ ಹಿಡಿದೆ.
"ನಮ್ಮಲ್ಲಿ ಎಲ್ಲಾ ಕಾಣ್ತದವ್ವಾ. ಹತ್ತಿ ಹೊಲ,
ಅದರಾಚಿ ಗುಂಡುಕಲ್ಲು, ಅದರಾಚಿ ನಾಳಿ ಬರೋ ಬಸ್ಸು.
ರೊಕ್ಕ ಕೇಳೂದಿಲ್ಲ."

ಮಾರ್ಚ್ ಹನ್ನೊಂದು. ಹೂಮಳೆ ಬಿದ್ದ ಒಂಬತ್ತನೇ ದಿನ,
ತೋಟವೆಲ್ಲ ಬಿಳಿ, ತಲೆ ಸಿಡಿಯುವಷ್ಟು ಘಮ.
ಚೀಟಿ ನಡೆಸುವವನು ಓಡಿಹೋದ ಅಂದಳು,
ಹತ್ತಿಯ ಧಾರಣೆ ಹೇಳುವ ದನಿಯಲ್ಲಿ.
ಬ್ಯಾಸರ ಮಾಡ್ಕೋಬ್ಯಾಡ ಎಂದು
ನನಗೇ ಸಮಾಧಾನ.
ಇದಕ್ಕೆ ಏನು ಹೇಳಬೇಕೋ ಲೋಹಿತಣ್ಣ ಕಲಿಸಿರಲಿಲ್ಲ.
ಬಾಯಿಗೆ ಬಂದದ್ದು ಕೇಳಿಬಿಟ್ಟೆ:
ನಿಮ್ಮೂರಲ್ಲಿ ಉಳಿಯಲಿಕ್ಕೆ ಜಾಗ ಸಿಗ್ತದಾ ಅಕ್ಕಾ?

ಒಂದು ಗಳಿಗೆ ಯಂತ್ರ ಮಾತ್ರ.
ಮತ್ತೆ ಗಂಟಲು ಸರಿಮಾಡಿಕೊಂಡು, ನನ್ನದೇ ವರಸೆಯಲ್ಲಿ:
"ರೂಮು ಒಂದ. ಮಾಳಿಗಿ ಮ್ಯಾಲ ಹಾಸಗಿ.
ರೊಟ್ಟಿ, ಪುಂಡಿಪಲ್ಯ, ಮೂರೂ ಹೊತ್ತು.
ಗೀಸರ್ ಬ್ಯಾಡ, ನಳದಾಗ ಬಿಸಿನೀರ ಬರ್ತಾವ.
ಜಿಗಳಿ ಇಲ್ಲ. ಚೇಳು ಅದಾವ.
ವ್ಯೂ ಮಾತ್ರ ಸೂಪರ್ ಮೇಡಂ. ಎಷ್ಟ್ ಮಂದಿ?"

ಒಬ್ಬಳೇ, ಅಂದೆ.
ಈ ಪದವನ್ನು ನಾನು ಇಷ್ಟು ಜೋರಾಗಿ
ಎಂದೂ ಹೇಳಿರಲಿಲ್ಲ.
"ಹೆಸರು?"
ಆಗ ಹೊಳೆಯಿತು, ನಾಲ್ಕು ತಿಂಗಳಿಂದ
ಅವಳಿಗೆ ನಾನು ಬರೀ ಹೋಂಸ್ಟೇ.
ಜಲಜಾಕ್ಷಿ, ಅಂದೆ. ಬಿಡಿಸಿ ಹೇಳಿದೆ: ಜ, ಲ, ಜಾ...
"ಗೊತ್ತಾತು, ಗೊತ್ತಾತು, ಬರಕೊಂಡೆ.
ಅಡ್ವಾನ್ಸ್ ಬ್ಯಾಡ. ಮೇ ತಿಂಗಳ ಮಾತ್ರ ಬರಬ್ಯಾಡ, ಸಾಯ್ತಿ."

ಕೆಳಗೆ ಲೋಹಿತಣ್ಣ ಕೂಗುತ್ತಿದ್ದ,
ಜೀಪು ಬಂತು, ಟವೆಲ್ಲು ಎಲ್ಲಿಟ್ಟಿದ್ದೀ ಎಂದು.