ತಲೆಯಿಲ್ಲದ ಬಾಣ

ಸುಂಕೇನಹಳ್ಳಿ ಮೂರನೇ ಕ್ರಾಸಿನಲ್ಲಿ
ದೆವ್ವ ಓಡಾಡುತ್ತಿದೆಯೆಂದು ಸುದ್ದಿ ಹಬ್ಬಿದ ವರ್ಷ
ಎಲ್ಲರೂ ಬಾಗಿಲಿಗೆ ಬರೆದರು: ನಾಳೆ ಬಾ.
ಸುಣ್ಣದಲ್ಲಿ ಕೆಲವರು, ಇದ್ದಿಲಿನಲ್ಲಿ ಕೆಲವರು,
ಎದುರುಮನೆ ಅಂಬುಜಾಕ್ಷಿ ಟೀಚರಂತೂ
ಬಣ್ಣದ ಚಾಕಿನಲ್ಲಿ, ಅಡಿಗೆರೆ ಎಳೆದು,
ತಾರೀಖು ಸಮೇತ.

ನಮ್ಮ ಚಿಕ್ಕಪ್ಪ ಮುನಿಚೌಡಪ್ಪ ಚಾಪೆ ಬಿಟ್ಟೇಳದೆ
ಲೆಕ್ಕ ಹಾಕಿದ: ಅಕ್ಷರವೇನೋ ಮೂರೇ,
ಆದರೆ ಎರಡಕ್ಕೆ ದೀರ್ಘ, ಒಂದಕ್ಕೆ ಎತ್ವ,
ದೆವ್ವಕ್ಕೋಸ್ಕರ ಇಷ್ಟೆಲ್ಲ ಯಾಕೆ ಮೈ ನೋಯಿಸಿಕೊಳ್ಳಬೇಕು?
"ಒಂದು ಬಾಣ ಹಾಕೋ, ಟೀಚರ ಮನೆ ಕಡೆಗೆ.
ಅಲ್ಲೇ ಓದಿಕೊಂಡು ಹೋಗಲಿ."
ಸೈಕಲ್ಲಿಗೆ ಬಳಿದು ಮಿಕ್ಕ ಕೆಂಪು ಪೇಂಟು ತಂದೆ.
ನನಗಾಗ ಎಂಟು ವರ್ಷ, ಆದರೂ ರಕ್ತ ಅದೇ:
ಗೆರೆ ಎಳೆದೆ, ಕೈ ನೋಯಿತು,
ಬಾಣದ ತಲೆ ಆಮೇಲೆ ಅಂದುಕೊಂಡೆ.

ದೆವ್ವ ಬರಲಿಲ್ಲ.
ಚಿಕ್ಕಪ್ಪನಿಗೆ ಅದರ ಮೇಲೆ ಗೌರವ ಹುಟ್ಟಿತು:
"ನಮ್ಮ ಪೈಕಿಯದೇ ಕಣೋ.
ನೆಟ್ಟಗೆ ಕೆಲಸ ಮಾಡೋ ದೆವ್ವ
ಒಂದೇ ಬೋರ್ಡು ದಿನಾ ಓದಿ ವಾಪಸು ಹೋಗುತ್ತಾ?"

ಆಮೇಲೆ ನಲ್ಲಿ ಸೋರತೊಡಗಿತು.
ಪ್ಲಂಬರ್ ಸೆಲ್ವರಾಜು "ನಾಳೆ ಬರ್ತೀನಿ ಸಾರ್" ಅಂದ,
ಚಿಕ್ಕಪ್ಪ "ಅರ್ಜೆಂಟೇನಿಲ್ಲಪ್ಪ" ಅಂದ.
ಇಬ್ಬರು ಸಜ್ಜನರ ನಡುವೆ ಆದ ಒಪ್ಪಂದ
ಹನ್ನೊಂದು ವರ್ಷ ಮುರಿಯಲಿಲ್ಲ.
ತೊಟ್ಟಿಕ್ಕಿದ ಕಡೆ ತಾನಾಗಿ ಬಸಳೆ ಹಬ್ಬಿತು,
ಪಕ್ಕದ ಮನೆ ಮೆಹರುನ್ನೀಸಾ ಕಿತ್ತುಕೊಂಡು ಹೋಗಿ
ಬೇಳೆ ಹಾಕಿ ಬೇಯಿಸಿ, ನಮಗೊಂದು ಬಟ್ಟಲು ಕಳಿಸುವರು.
ಬಿತ್ತಲಿಲ್ಲ, ನೀರೆರೆಯಲಿಲ್ಲ, ಕುಯ್ಯಲಿಲ್ಲ,
ಉಂಡೆವು. ಬಟ್ಟಲು ಮಾತ್ರ ವಾಪಸು ಕೊಟ್ಟಿಲ್ಲ;
ಈಗ ನಮ್ಮಲ್ಲಿ ಅವರ ಬಟ್ಟಲು ಇಪ್ಪತ್ತಾರು.

ಚುರುಕಿನವರನ್ನು ಕಂಡರೆ ನನಗೆ ಅನುಮಾನ.
ಟೀಚರು ಐದಕ್ಕೇ ಎದ್ದು ಅಂಗಳಕ್ಕೆ ಮೂರು ಸಲ ನೀರು ಹಾಕುವರು,
ತೊಳೆದ ಡಬ್ಬ ಮತ್ತೆ ತೊಳೆಯುವರು,
ಪರದೆ ಬಿಚ್ಚಿ ಒಗೆದು ಮತ್ತೆ ಕಟ್ಟುವರು.
ಗೋಡೆಗೂಡಿನಲ್ಲಿ ಅವರ ತಂಗಿಯ ಕಾಗದ,
ಸೈಟಿನ ಜಗಳ ಮುಗಿಸೋಣ ಅಕ್ಕಾ ಅಂತ ಬರೆದದ್ದು,
ಏಳು ವರ್ಷದಿಂದ ಉತ್ತರ ಕಾಯುತ್ತಿದೆ.
ಅಷ್ಟು ಬೆವರಿಳಿಸುವ ಸೋಮಾರಿತನ
ನಮ್ಮ ವಂಶಕ್ಕೆ ಎಟುಕುವುದಲ್ಲ, ಬಿಡಿ.

ನನ್ನದು ಸಣ್ಣಪುಟ್ಟ ಸಾಧನೆ:
ಕಾಲ್ಬೆರಳಲ್ಲಿ ಫ್ಯಾನಿನ ಸ್ವಿಚ್ಚು,
ಅಡುಗೆಮನೆಯಲ್ಲಿರುವ ಹೆಂಡತಿಗೆ
ನಡುಮನೆಯಿಂದ ವಾಯ್ಸ್ ಮೆಸೇಜು.
ಅವಳೂ ಕಮ್ಮಿಯಲ್ಲ, ಕೇಳಿಸಿಕೊಂಡು
ಎರಡು ನೀಲಿ ಟಿಕ್ಕು ಬಿಟ್ಟು ಸುಮ್ಮನಾಗುತ್ತಾಳೆ.
ನವೆಂಬರಿನ ಬೆಂಗಳೂರು ತಾನೇ
ಒಂಬತ್ತರ ತನಕ ಮಂಜು ಹೊದ್ದು ಮಲಗಿರುವಾಗ
ನಾನೊಬ್ಬ ಎದ್ದು ಯಾರನ್ನು ಎಬ್ಬಿಸಲಿ?

ಭಾಮೈದ ಪರಮಶಿವ ಬಂದಾಗಲೆಲ್ಲ ಬೈಯುತ್ತಾನೆ,
ಸಿಲ್ಕ್ ಬೋರ್ಡಿನಲ್ಲಿ ಎರಡು ಗಂಟೆ ಕ್ಲಚ್ಚು ತುಳಿದು ಕೂತು
ಅರ್ಧ ಫರ್ಲಾಂಗು ಸರಿದು ಬಂದವನು.
ನಾನೂ ಅದನ್ನೇ ಮಾಡಿದೆ ಗುರು, ಮಂಚದ ಮೇಲೆ.
ಪೆಟ್ರೋಲು ಉಳಿಯಿತು.

ಮೊನ್ನೆ ಬೆಳಗ್ಗೆ ಹೆಂಡತಿ ಹೊರಗಿಂದ ಕೂಗಿದಳು:
"ರೀ, ರಾತ್ರಿ ಯಾರೋ ಚಾಕಿನಲ್ಲಿ
ನಿಮ್ಮ ಬಾಣಕ್ಕೆ ತಲೆ ಬರೆದು ಹೋಗಿದ್ದಾರೆ!"
ಮೂವತ್ತೈದು ವರ್ಷದ ಮೇಲೆ!
ಎದೆ ಧಸಕ್ಕೆಂದಿತು. "ಯಾವ ಕಡೆಗೆ?" ಅಂದೆ.
"ಎದ್ದು ಬಂದು ನೋಡಿ."
ಒಳಗಿನ ಚಾಪೆಯಿಂದ ಎಂಬತ್ತರ ಚಿಕ್ಕಪ್ಪ:
"ಯಾವ ಕಡೆಗಂತೋ?"
"ನೀನೇ ಎದ್ದು ನೋಡು."
ಇಬ್ಬರೂ ಸ್ವಲ್ಪ ಹೊತ್ತು ಹೆದರಿದೆವು,
ಮಲಗಿಕೊಂಡೇ.

ಸಂಜೆ ನಾಲ್ಕಕ್ಕೆ ಎರಚಲು ಮಳೆ ಬಂದು
ಅದನ್ನು ಒರೆಸಿಕೊಂಡು ಹೋಯಿತು.
ಗೆರೆ ಇದೆ.